ಮೇವಿನ ಗಂಟೆ

ಪಂಜರಗಳಿಂದ ತಪ್ಪಿಸಿಕೊಂಡ ಸಾಕುಮೀನುಗಳ ಸಂತಾನವೇ ಕಡಲೆಲ್ಲ ತುಂಬಿ, ಬಲೆ ಕಂಡರೂ ಹೆದರದೆ ಬಂದು ಬೀಳುತ್ತಿದ್ದ ಕಾಲವದು. ಅಂಥದರಲ್ಲಿ ಗಂಡನೊಂದಿಗೆ ದೋಣಿಯಲ್ಲಿ ಹೋಗಿದ್ದ ಮುತ್ತಕ್ಕನ ಬಲೆಯಲ್ಲೊಂದು ಕೆಂಬೇರಿ ಮೀನು ಪಟಪಟನೆ ಬಾಲ ಬಡಿಯಿತು.

“ಕಾಣಿ, ಇದ್ ಸಾಕಿದ್ದಲ್ಲ! ಹ್ಯಾಂಗ್ ಕೊಸರ್ತಿತ್ತ್ ಕಾಣಿ!” ಎಂದು ಗಂಡನನ್ನು ಕರೆದಳು. ಅದರ ಹೊಟ್ಟೆ ತುಂಬ ಮೊಟ್ಟೆ. ಮೊಟ್ಟೆ ಹೊತ್ತ ಮೀನನ್ನು ಕಡಲಿಗೇ ಒಪ್ಪಿಸುವುದು ಅವರ ಮನೆತನದ ಪದ್ಧತಿ.

“ಮಗ್ಳನ್ ಗಂಡನ್ಮನಿಗ್ ಕಳ್ಸಿದಾಂಗ್ ಕಣ್ಣೀರ್ ಹಾಕ್ತೆ ಅಲ್ದಾ?” ಎಂದು ಗಂಡ ಹೆರಿಯ ಛೇಡಿಸಿದ.

ಕಡಲ ತಳಿ ಇದೊಂದರಿಂದಲಾದರೂ ಉಳಿಯಲಿ ಎಂದುಕೊಂಡು ಅವಳು ಮೀನನ್ನು ನೀರಿಗಿಳಿಸಿದಳು. ಅಷ್ಟರಲ್ಲಿ ದೋಣಿಯ ಪಕ್ಕದ ಪಂಜರದಲ್ಲಿ ಸಾಕುಮೀನುಗಳನ್ನು ಕರೆಯುವ ಮೇವಿನ ಗಂಟೆ ಮೊಳಗಿತು. ಮೀನು ಗಕ್ಕನೆ ತಿರುಗಿ, ಒಳಗೆ ಹೋಗಲು ಪಂಜರದ ಬಲೆಗೆ ಮೂತಿ ಒತ್ತಿತು.

“ಆಚಿಗ್ ಹೋಗ್! ದೂರ ಹೋಗ್!” ಮುತ್ತಕ್ಕ ಹುಟ್ಟಿನಿಂದ ನೀರು ಬಡಿದಳು.

ಮೇವು ಬಿತ್ತೆಂದುಕೊಂಡ ಮೀನು ಬಾಯಿ ತೆರೆದುಕೊಂಡು ಅವಳತ್ತಲೇ ಬಂತು.