ಕಾಗಿಣಾದಲ್ಲಿ ಜಳಕ

ಕಾಗಿಣಾ ನದಿಯ ನೀರು ಸೊಂಟಕ್ಕೆ ಬಂದಾಗ ಅಂಬುಬಾಯಿ ತನ್ನ ಸೆರಗನ್ನು ಮಗನ ನಡುವಿಗೆ ಬಿಗಿದು ಗಂಟು ಹಾಕಿದಳು. ಗಡ್ಡ ಬಂದಿದ್ದರೂ ಭಾಗಣ್ಣನ ಬುದ್ಧಿ ಮಗುವಿನದಾಗಿಯೇ ಉಳಿದಿತ್ತು. "ನಿಮಗ ಆಪರೇಷನ್ ಆಗ್ಲೇಬೇಕ್ರಿ, ದವಾಖಾನ್ಯಾಗ ಇರ್ಬೇಕಾಗ್ತದ" ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಅಷ್ಟು ದಿನ ಅವನನ್ನು ನೋಡಿಕೊಳ್ಳುವವರು ದಂಡೋತಿಯಲ್ಲಿ ಒಬ್ಬರೂ ಸಿಕ್ಕಿರಲಿಲ್ಲ.

"ಕಣ್ಣ ಮುಚ್ಚಗೊ ಅಪ್ಪಾ," ಎಂದಳು. ದಿನಾ ಜಳಕ ಮಾಡಿಸುವಾಗ ಹೇಳುವ ಮಾತೇ ಬಾಯಿಗೆ ಬಂದಿತ್ತು.

ಅವನು ನಕ್ಕ. ಅಂಗೈಯಿಂದ ಅವಳ ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ನೀರು ಮೊಗೆದು ಅವಳ ತಲೆಗೆ ಹುಯ್ದ. ಬೆನ್ನು ತಿಕ್ಕತೊಡಗಿದ. ಮದುವೆಯಾಗಿ ಬಂದ ಮೇಲೆ ಆ ಬೆನ್ನನ್ನು ಯಾರೂ ತಿಕ್ಕಿರಲಿಲ್ಲ. ಆಳದ ನೀರಿನತ್ತ ಎತ್ತಿದ್ದ ಹೆಜ್ಜೆಯನ್ನು ಅವಳು ಹಿಂದಕ್ಕೆ ಇಟ್ಟಳು.

"ಅಳಬ್ಯಾಡ," ಎಂದ ಭಾಗಣ್ಣ, ಅವಳದೇ ದನಿಯಲ್ಲಿ. "ಇನ್ನ ಒಂದೇ ಚರಿಗಿ ನೀರು."