ಐದನೇ ಹಾಡಿನಲ್ಲಿ ಕಾಡವ್ವ

ಫೋನಿನ ಪರದೆಯೊಳಗೆ ಜಪಾನಿನ ಕಾಫಿ ಅಂಗಡಿಯೊಂದರಲ್ಲಿ ಮೂವತ್ತು ಮಂದಿ ಕಣ್ಣು ಮುಚ್ಚಿ ಕುಳಿತು ಇತ್ತ ಆ ಫೋನು ನೋಡುತ್ತಿದ್ದ ಬೈಲಹೊಂಗಲದ ಮೂವರ ಜಾಜ್ ಆಲ್ಬಂ ಕೇಳುತ್ತಿದ್ದರು. ಒಂದು ತಲೆಯೂ ತೂಗುತ್ತಿರಲಿಲ್ಲ. “ಒಬ್ಬರೂ ವ್ಹಾ ಅನ್ನವಲ್ರು. ಸೇರಿಲ್ಲ ಅವರಿಗೆ,” ಎಂದ ಡ್ರಮ್ಸ್ ಬಾರಿಸುವ ಸಚಿನ.

ಪಿಯಾನೋ ನುಡಿಸುವ ಸಂಘಮಿತ್ರಾಳಿಗೆ ಅದಕ್ಕಿಂತ ದೊಡ್ಡ ಹೆದರಿಕೆಯಿತ್ತು. ಐದನೇ ಹಾಡಿನ ರೆಕಾರ್ಡಿಂಗ್ ನಡೆದಾಗ ಬಾಗಿಲಲ್ಲಿ ಕುಳಿತಿದ್ದ ಅವಳವ್ವ ಕಾಡವ್ವ, ಭಜನೆಯಲ್ಲಿ ಕೂಗುವಂತೆಯೇ “ಭಲೇ ಮಗಳ!” ಎಂದು ಕೂಗಿಬಿಟ್ಟಿದ್ದಳು. ಅದನ್ನು ತೆಗೆಸಿದ್ದೇನೆಂದು ಜೊತೆಗಾರರಿಗೆ ಹೇಳಿದ್ದು ಶುದ್ಧ ಸುಳ್ಳು. ತೆಗೆಸಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

“ಭಲೇ ಮಗಳ!” ಫೋನು ಕೂಗಿತು. ಬಾಸ್ ನುಡಿಸುವ ಅಜಿತ ಸಿಡಿದೆದ್ದ: “ಅಕ್ಕಾ, ತಗಸೇನಿ ಅಂದಿದ್ದಿ!” ಅಷ್ಟರಲ್ಲಿ ಅಂಗಡಿಯ ಮುದುಕ ಯಜಮಾನ ಎದ್ದು ಬಂದು ತಿರುಗುತ್ತಿದ್ದ ಗ್ರಾಮಫೋನ್ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿದ. ಹಾಡು ನಿಂತಿತು. ಫೋನು ಬೋರಲು ಹಾಕಲು ಸಂಘಮಿತ್ರಾ ಕೈ ಚಾಚಿದಳು.

ಮುದುಕ ಮುಳ್ಳನ್ನು ಒಂದಿಷ್ಟು ಹಿಂದಕ್ಕೆ ಸರಿಸಿ ಇಟ್ಟ. ಪಿಯಾನೋ ಮತ್ತೆ ಅದೇ ತಿರುವಿಗೆ ಬಂತು. ಈ ಸಲ ಮೂವತ್ತೂ ಮಂದಿ, ಮುಚ್ಚಿದ ಕಣ್ಣು ತೆರೆಯದೆ, ಕಾಡವ್ವನೊಂದಿಗೆ ಮೆಲ್ಲಗೆ ದನಿಗೂಡಿಸಿದರು: “ಭಲೇ!”