ಕಾಲು ಎತ್ತಿದಾಗ

ಒತ್ತಿದಾಗ ನೋವೋ, ಬಿಟ್ಟಾಗ ನೋವೋ ಎಂದು ಮೊನ್ನೆ ಡಾಕ್ಟರು ನನ್ನ ಬಲಪಕ್ಕೆಯ ಮೇಲೆ ಬೆರಳಿಟ್ಟು ಕೇಳಿದಾಗ, ನನ್ನ ಅಂಗಾಲು ಬಿಸಿಯಾಯಿತು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಪಾದ ತಾಗಿಸಿದರೆ ಹಿಡಿದ ಸೊಂಟ, ಹಿಡಿದ ಪಕ್ಕೆ ಬಿಡುತ್ತದೆಂದು ದಾದರಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ಎಲ್ಲರೂ ನಂಬಿದ್ದರು. ನಾನು ಚಿಕ್ಕವಳಿದ್ದಾಗ ಮರಾಠಿ ನೆರೆಯವರು ‘ಪಾಯಾಳು’ ಎಂದು ನನ್ನನ್ನು ಕರೆದೊಯ್ದು, ಒತ್ತಿಸಿಕೊಂಡ ಮೇಲೆ ಕೈಗೆ ಬೆಲ್ಲ ಇಡುತ್ತಿದ್ದರು.

ಆದರೆ ಒಂದು ಮಧ್ಯಾಹ್ನ ನೆಲದ ಮೇಲೆ ಮಲಗಿದ್ದವಳು ನನ್ನ ಅವ್ವ. ಮೊಣಕಾಲು ಮಡಚಿಕೊಂಡು, ಪಕ್ಕೆ ಹಿಡಿದುಕೊಂಡು, ಸೆರಗಿನ ತುದಿ ಕಚ್ಚಿಕೊಂಡಿದ್ದಳು.

“ಕೊಡಾ ಎತ್ತಿ ಪಕ್ಕಿ ಹಿಡದದ, ಅಷ್ಟ,” ಎಂದಳು ಧಾರವಾಡದಿಂದ ಬಂದಿದ್ದ ಅಜ್ಜಿ. “ಬಾ ಕೂಸ, ಕಾಲಿಂದ ಒತ್ತು.”

“ನಂಗ ಅಂಜಿಕಿ ಬರ್ತದ.”

“ಮಂದಿಗೆಲ್ಲಾ ಒತ್ತಿದಾಕಿ, ನಿಮ್ಮವ್ವಗ ಒತ್ತಲಿಕ್ಕೆ ಅಂಜತೀ?”

ಗೋಡೆ ಹಿಡಿದು ಪಾದ ಇಟ್ಟೆ. ಸೀರೆಯ ಕೆಳಗೆ ಅವ್ವನ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು, ಸುಡುತ್ತಿತ್ತು. ಒತ್ತಿದಾಗ ಅವಳು ಉಸಿರು ಬಿಗಿಹಿಡಿದಳು. ಕಾಲು ಎತ್ತಿದ್ದೇ, ಎಂದೂ ದನಿ ಏರಿಸದ ಅವ್ವ ಚೀರಿದಳು.

“ಬಿಡ್ತು ನೋಡು, ಹಿಡದದ್ದು ಬಿಡ್ತು,” ಎಂದು ಅಜ್ಜಿ ನನ್ನ ಬಾಯಿಗೆ ಬೆಲ್ಲ ಹಾಕಿದಳು.

ಸಂಜೆ ಫೋರ್ಟಿನ ಆಫೀಸಿನಿಂದ ಬಂದ ಅಪ್ಪ ಅವ್ವನನ್ನು ನೋಡಿದವರೇ ಓಡಿಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ಅದೇ ಜಾಗದಲ್ಲಿ ಬೆರಳೊತ್ತಿ, ಥಟ್ಟನೆ ಬಿಟ್ಟರು. ಅದೇ ಚೀರು. ಅವರು ಯಾರ ಮುಖವನ್ನೂ ನೋಡದೆ, ಒಳಗೆ ಅಪೆಂಡಿಕ್ಸ್ ಒಡೆದಿದೆ ಎಂದು ಟ್ಯಾಕ್ಸಿ ತರಲು ಹೇಳಿದರು.

ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸುವಾಗ, ನಾನು ಪಾದಗಳನ್ನು ಲಂಗದೊಳಗೆ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತಿದ್ದೆ. ಆಮೇಲೆ ಚಾಳಿನಲ್ಲಿ ಯಾರ ಪಕ್ಕೆ ಹಿಡಿದರೂ ನನ್ನನ್ನು ಕರೆಯಲು ಯಾರೂ ಬರಲಿಲ್ಲ.